ಹಳೆಯ ಬ್ರೆಡ್ ವಿಷವೇ? ಫ್ರೆಂಚ್ ಟೋಸ್ಟ್ ಮಾಡುವ ಮುನ್ನ ಇದನ್ನು ಓದಿ

'ಹಳೆಯ ಬ್ರೆಡ್ ವಿಷ, ಮಕ್ಕಳಿಗೆ ಕೊಡಬೇಡಿ' ಎಂಬ ಧಾಟಿಯ ಸಂದೇಶಗಳು ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಅದನ್ನು ನಂಬಿ ಕೆಲವರು ಗಟ್ಟಿಯಾದ ಬ್ರೆಡ್ಡನ್ನೆಲ್ಲ ಎಸೆಯುತ್ತಾರೆ. ಇನ್ನು ಕೆಲವರು ಬೂಷ್ಟು ಬಂದ ಮೂಲೆಯನ್ನಷ್ಟೇ ಕಿತ್ತು, ಉಳಿದದ್ದನ್ನು ಕಾವಲಿಗೆ ಹಾಕುತ್ತಾರೆ. ಎರಡೂ ತಪ್ಪು. ಮೊದಲನೆಯದರಿಂದ ದುಡ್ಡಿಗೆ ನಷ್ಟ, ಎರಡನೆಯದರಿಂದ ಆರೋಗ್ಯಕ್ಕೆ.

ಗಟ್ಟಿಯಾದದ್ದು ಬೇರೆ, ಕೆಟ್ಟದ್ದು ಬೇರೆ

ಬನಹಟ್ಟಿ, ರಬಕವಿ, ಜಮಖಂಡಿ ಕಡೆಯ ಅಡುಗೆಮನೆಗಳಿಗೆ ಈ ವ್ಯತ್ಯಾಸ ಹೊಸದಲ್ಲ. ಖಡಕ್ ಜೋಳದ ರೊಟ್ಟಿಯನ್ನು ಅಲ್ಲಿ ದಿನಗಟ್ಟಲೆ ಇಟ್ಟು ತಿನ್ನುತ್ತಾರೆ. ಬೂಷ್ಟು ಬೆಳೆಯಲು ನೀರಿನಂಶ ಬೇಕು, ಖಡಕ್ ರೊಟ್ಟಿಯಲ್ಲಿ ಅದು ತೀರಾ ಕಡಿಮೆ. ಮಿಕ್ಕ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವುದೂ ಉಂಟು.

ಫ್ರೆಂಚ್ ಟೋಸ್ಟ್ ಕೂಡ ಇದೇ ಜಾತಿಯ ತಿಂಡಿ. ನಮ್ಮಲ್ಲಿ ಹಲವರು ಇದನ್ನು ಬಾಂಬೆ ಟೋಸ್ಟ್ ಎನ್ನುತ್ತಾರೆ. ಫ್ರಾನ್ಸಿನಲ್ಲಿ ಇದರ ಹೆಸರು 'ಪ್ಯಾಂ ಪೆರ್ದ್ಯು', ಅಂದರೆ 'ಕಳೆದುಹೋದ ಬ್ರೆಡ್'. ಎಸೆಯಬೇಕಾಗಿದ್ದ ಬ್ರೆಡ್ಡನ್ನು ಉಳಿಸಿಕೊಳ್ಳಲೆಂದೇ ಹುಟ್ಟಿದ ಅಡುಗೆ ಇದು.

ಬ್ರೆಡ್ ಗಟ್ಟಿಯಾಗುವುದೇಕೆ?

ಒಣಗುವುದರಿಂದ ಮಾತ್ರ ಅಲ್ಲ. ನೀರು ಆರಿಹೋಗದಂತೆ ಮುಚ್ಚಿಟ್ಟರೂ ಬ್ರೆಡ್ ಗಟ್ಟಿಯಾಗುತ್ತದೆ ಎಂದು ಫ್ರೆಂಚ್ ವಿಜ್ಞಾನಿ ಬೂಸಿಂಗೋ 1852ರಲ್ಲೇ ತೋರಿಸಿದ್ದರು. ಬೇಯುವಾಗ ಸಡಿಲವಾದ ಪಿಷ್ಟದ ಕಣಗಳು ಆರಿದ ಮೇಲೆ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಇದರಲ್ಲಿ ವಿಷದ ಮಾತೇ ಇಲ್ಲ. ಫ್ರಿಜ್‌ನ ತಂಪಿನಲ್ಲಿ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಅಂದರೆ ಫ್ರಿಜ್ ಬೂಷ್ಟನ್ನು ತಡಮಾಡುತ್ತದೆ, ಬ್ರೆಡ್ಡನ್ನು ಬೇಗ ಗಟ್ಟಿ ಮಾಡುತ್ತದೆ.

ಬೂಷ್ಟು ಕಂಡರೆ?

ಹಸಿರು, ಕಪ್ಪು ಅಥವಾ ಬಿಳಿ ಹತ್ತಿಯಂಥ ಚುಕ್ಕೆ ಕಂಡರೆ ಆ ಬ್ರೆಡ್ ಬೇಡ. ಕಣ್ಣಿಗೆ ಕಾಣುವುದು ಶಿಲೀಂಧ್ರದ ಮೇಲ್ಭಾಗ ಮಾತ್ರ. ಬ್ರೆಡ್ಡಿನಂಥ ಮೆತ್ತನೆಯ, ರಂಧ್ರಗಳಿರುವ ಪದಾರ್ಥದಲ್ಲಿ ಅದರ ಎಳೆಗಳು ಕಾಣದಂತೆ ಒಳಗೆ ಹರಡಿರುತ್ತವೆ. 'ಕಾವಲಿಯ ಬಿಸಿಗೆ ಎಲ್ಲ ಸಾಯುತ್ತದೆ' ಎಂಬ ಮಾತೂ ಅರ್ಧಸತ್ಯ. ಶಿಲೀಂಧ್ರ ಸಾಯಬಹುದು, ಆದರೆ ಕೆಲವು ಶಿಲೀಂಧ್ರಗಳು ಬಿಡುವ ವಿಷ ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ವಾಸನೆ ನೋಡಿ ಪರೀಕ್ಷಿಸಲೂ ಹೋಗಬೇಡಿ, ಬೂಷ್ಟಿನ ಪುಡಿ ಉಸಿರಿನೊಳಗೆ ಹೋಗುತ್ತದೆ.

ನಾಲ್ವರಿಗೆ ಮಾಡುವುದು ಹೇಗೆ?

ಬೂಷ್ಟಿಲ್ಲದ, ನಿನ್ನೆಯ 8 ಬ್ರೆಡ್ ತುಂಡು, 4 ಮೊಟ್ಟೆ, ಒಂದು ಕಪ್ ಹಾಲು, 2 ಚಮಚ ಸಕ್ಕರೆ ಅಥವಾ ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ. ಚೆನ್ನಾಗಿ ಕಲಸಿ, ತುಂಡಿನ ಪ್ರತಿ ಬದಿಯನ್ನೂ ಅರ್ಧ ನಿಮಿಷದಷ್ಟು ನೆನೆಸಿ. ತಾಜಾ ಬ್ರೆಡ್ ಇಲ್ಲಿ ಕರಗಿ ಮುದ್ದೆಯಾಗುತ್ತದೆ. ಗಟ್ಟಿಯಾದದ್ದು ಹಾಲು ಹೀರಿಯೂ ಆಕಾರ ಉಳಿಸಿಕೊಳ್ಳುತ್ತದೆ. ಮಧ್ಯಮ ಉರಿಯಲ್ಲಿ ತುಪ್ಪ ಹಾಕಿ ಎರಡೂ ಬದಿ ಬೇಯಿಸಿ.

ಹಾಲು, ಮೊಟ್ಟೆ ಸೇರಿದರೆ ವಿಷ ಎಂಬ ಭಯ ಬೇಡ. ಕೇಕ್, ಕಸ್ಟರ್ಡ್ ಎರಡರಲ್ಲೂ ಇವು ಜೊತೆಯಾಗಿಯೇ ಇರುತ್ತವೆ. ಎಚ್ಚರ ಬೇಕಾಗಿರುವುದು ಅರೆಬೆಂದ ಮೊಟ್ಟೆಯ ಬಗ್ಗೆ. ಅದರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿದಿರಬಹುದು. ಮಕ್ಕಳು, ಗರ್ಭಿಣಿಯರು, ವಯಸ್ಸಾದವರಿಗೆ ಅದರ ಅಪಾಯ ಹೆಚ್ಚು. ಮಧ್ಯಭಾಗ ಒತ್ತಿದಾಗ ಹಸಿ ದ್ರವ ಒಸರಬಾರದು. ಮೊಟ್ಟೆಯ ಅಡುಗೆಗೆ ಸುರಕ್ಷಿತ ಮಟ್ಟ 71 ಡಿಗ್ರಿ ಸೆಲ್ಸಿಯಸ್. ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಂತೂ ಉಳಿದ ಮಿಶ್ರಣವನ್ನು ಒಂದು ತಾಸಿಗಿಂತ ಹೆಚ್ಚು ಹೊರಗಿಡಬೇಡಿ.

ಮುಂದಿನ ಸಲ 'ಹಳೆಯ ಬ್ರೆಡ್ ವಿಷ' ಎಂಬ ಸಂದೇಶ ಬಂದರೆ ಹಾಗೆಯೇ ಮುಂದಕ್ಕೆ ಕಳಿಸಬೇಡಿ. ಇಷ್ಟು ಬರೆದು ಉತ್ತರಿಸಿ: ಗಟ್ಟಿಯಾಗಿದ್ದರೆ ಟೋಸ್ಟ್ ಮಾಡಿ, ಬೂಷ್ಟು ಬಂದಿದ್ದರೆ ಎಸೆಯಿರಿ.