ನಮ್ಮ ಅಂಚೆ ನಮ್ಮ ಕೈಲೇ ಇರಲಿ, ಆದರೆ ಡ್ಯೂಟಿ ಹಂಚಿಕೊಂಡು

ಹೋದ ರಾಜ್ಯೋತ್ಸವದ ಹೊತ್ತಿಗೆ ಸಂಘದ ಮೇಲ್ ತೆಗೆಯೋಕೆ ಹೋದರೆ ಲಾಗಿನ್ ಆಗಲೇ ಇಲ್ಲ. ಪಾಸ್‌ವರ್ಡ್ ಗೊತ್ತಿದ್ದ ಸೀನಿಯರ್ ಅಣ್ಣ ಕಾಲೇಜು ಬಿಟ್ಟು ಎರಡು ವರ್ಷವಾಗಿತ್ತು. ಓಟಿಪಿ ಹೋಗುತ್ತಿದ್ದದ್ದು ಅವರ ಹಳೇ ನಂಬರಿಗೆ, ಆ ನಂಬರ್ ಈಗ ಇನ್ಯಾರದ್ದೋ. ಮೂರು ವರ್ಷ ನಿಮ್ಮಂಥವರೇ ಬರೆದು ಕಳಿಸಿದ ಕಥೆ, ಕವನ, ಲೇಖನ ಎಲ್ಲಾ ಅದರೊಳಗೇ ಉಳಿದುಹೋದವು. ಅದು ಫ್ರೀ ಅಕೌಂಟು. ಕೇಳೋಣ ಅಂದರೆ ಮಾತಾಡೋಕೆ ಒಬ್ಬ ಮನುಷ್ಯನೂ ಸಿಗಲಿಲ್ಲ.

ಅವತ್ತೇ ನಾವು ನಾಲ್ಕು ಜನ ತೀರ್ಮಾನ ಮಾಡಿದೆವು: ಸಂಘದ ಮೇಲ್ ಸರ್ವರ್ ನಾವೇ ನಡೆಸಬೇಕು. ಇವತ್ತಿಗೂ ನಮ್ಮ ಅಭಿಪ್ರಾಯ ಅದೇ. ಆದರೆ ಈಗ ಅದಕ್ಕೊಂದು ಷರತ್ತು ಸೇರಿದೆ.

ವಿಮಾನಪುರದಲ್ಲಿ ನಮ್ಮಲ್ಲೊಬ್ಬನ ರೂಮಿದೆ. ಎಚ್‌ಎಎಲ್ ಕಡೆಯಿಂದ ವಿಮಾನ ಎದ್ದರೆ ಮಾತು ನಿಲ್ಲಿಸಿ ಕಾಯಬೇಕು. ಅಲ್ಲೇ ಒಂದು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಡಾಕರ್‌ನಲ್ಲಿ 'ಡಾಕರ್-ಮೇಲ್‌ಸರ್ವರ್' ಇಮೇಜ್ ಓಡಿಸಿದೆವು. ಅದರೊಳಗೆ ಪೋಸ್ಟ್‌ಫಿಕ್ಸ್ ಪತ್ರ ಸಾಗಿಸುತ್ತೆ, ಡವ್‌ಕಾಟ್ ಅದನ್ನು ಪೆಟ್ಟಿಗೆಯಲ್ಲಿಟ್ಟು ಓದೋಕೆ ಕೊಡುತ್ತೆ, ಆರ್‌ಸ್ಪ್ಯಾಮ್‌ಡಿ ಕಸ ಹೆಕ್ಕುತ್ತೆ. ಒಂದು ಕಂಪೋಸ್ ಫೈಲು, ಒಂದು ಸಂಜೆ, ಕಂಟೈನರ್ ಎದ್ದು ನಿಂತಿತು. ಮೊದಲ ಅಕೌಂಟನ್ನು ಎರಡು ನಿಮಿಷದೊಳಗೆ ಮಾಡದಿದ್ದರೆ ಅದು ತಾನಾಗೇ ನಿಂತುಬಿಡುತ್ತೆ. ಅದು ಗೊತ್ತಾಗೋಕೆ ಮಾತ್ರ ನಮಗೆ ಅರ್ಧ ಗಂಟೆ ಹಿಡಿಯಿತು.

ಕಂಟೈನರ್ ಎದ್ದರೂ ಪತ್ರ ಮಾತ್ರ ಹೊರಗೆ ಹೋಗಲಿಲ್ಲ. ಸರ್ವರಿಂದ ಸರ್ವರಿಗೆ ಮೇಲ್ ಹೋಗೋದು 25ನೇ ಪೋರ್ಟಿನಲ್ಲಿ. ಸ್ಪ್ಯಾಮ್ ಕಾಟಕ್ಕೆ ಮನೆ ಕನೆಕ್ಷನ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತಾರೆ. ಸಾಲದ್ದಕ್ಕೆ ನಮ್ಮ ಐಪಿ ಇನ್ನೂ ಎಷ್ಟೋ ಮನೆಗಳ ಜೊತೆ ಹಂಚಿಕೊಂಡಿದ್ದು. ಕೊನೆಗೆ 2 ಜಿಬಿ ರ್‍ಯಾಮಿನ ಸಣ್ಣ ಸರ್ವರ್ ಬಾಡಿಗೆಗೆ ತಗೊಂಡು ಅದೇ ಕಂಪೋಸ್ ಫೈಲನ್ನು ಅಲ್ಲಿ ಹಾಕಿದೆವು. ಈಗ ಪತ್ರ ಹೋಯಿತು, ಆದರೆ ನೇರವಾಗಿ ಸ್ಪ್ಯಾಮಿಗೆ.

ನಿಜವಾದ ಎಂಜಿನಿಯರಿಂಗ್ ಶುರುವಾಗೋದೇ ಇಲ್ಲಿ. ಲಕೋಟೆ ಮೇಲೆ 'ವಿಮಾನಪುರ, 560017' ಅಂತ ಯಾರು ಬೇಕಾದರೂ ಬರೆಯಬಹುದು, ಆದರೆ ಅಲ್ಲಿನ ಅಂಚೆ ಮುದ್ರೆ ಒತ್ತೋದು ಅಲ್ಲಿನವರೇ. 1982ರಲ್ಲಿ ಎಸ್‌ಎಂಟಿಪಿ ಬಂದಾಗ ಅಂಥ ಮುದ್ರೆ ಇರಲಿಲ್ಲ. ಯಾರ ಹೆಸರಲ್ಲಿ ಯಾರು ಬೇಕಾದರೂ ಮೇಲ್ ಹಾಕಬಹುದಿತ್ತು. ಮುದ್ರೆಗಳು ಬಂದದ್ದು ಆಮೇಲೆ. ಈ ಡೊಮೇನಿನ ಪತ್ರ ಯಾವ ಐಪಿಯಿಂದ ಬರಬಹುದು ಅಂತ ಎಸ್‌ಪಿಎಫ್ ಹೇಳುತ್ತೆ. ಡಿಕಿಮ್ ಪತ್ರಕ್ಕೆ ಸಹಿ ಹಾಕುತ್ತೆ. ಎರಡೂ ತಾಳೆಯಾಗದಿದ್ದರೆ ಏನು ಮಾಡಬೇಕು ಅನ್ನೋದನ್ನು ಡಿಮಾರ್ಕ್ ತಿಳಿಸುತ್ತೆ. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಪತ್ರ ಕಳಿಸೋ ಎಲ್ಲರಿಗೂ ಮೊದಲೆರಡರಲ್ಲಿ ಒಂದಾದರೂ ಇರಬೇಕು, ದಿನಕ್ಕೆ 5,000ದಷ್ಟು ಕಳಿಸೋರಿಗೆ ಮೂರೂ ಬೇಕು. ಜೊತೆಗೆ ಐಪಿಯಿಂದ ಹೆಸರು ಹುಡುಕಿದರೆ ನಮ್ಮ ಸರ್ವರಿನ ಹೆಸರೇ ಬರಬೇಕು. ಇಷ್ಟೂ ಸರಿಮಾಡಿ, ದಿನಾ ನಾಲ್ಕೈದು ಪತ್ರ ಕಳಿಸುತ್ತಾ ಬಂದ ಮೇಲೆ ಇನ್‌ಬಾಕ್ಸಿಗೆ ಸೇರೋಕೆ ಶುರುವಾಯಿತು.

ಕಂಟೈನರಿನದ್ದೇ ಎರಡು ಗುಂಡಿಗಳಿವೆ, ಬೀಳಬೇಡಿ. ಒಂದು, ಮೇಲ್ ಪೆಟ್ಟಿಗೆಯನ್ನು ವಾಲ್ಯೂಮಿನಲ್ಲಿ ಇಡದಿದ್ದರೆ ಕಂಟೈನರ್ ಅಳಿಸಿದ ಕ್ಷಣ ಪತ್ರಗಳೂ ಹೋದವು. ಎರಡು, ಡಾಕರ್ ನೆಟ್‌ವರ್ಕ್ ಸೆಟ್ಟಿಂಗ್ ತಪ್ಪಿದರೆ ಹೊರಗಿನಿಂದ ಬಂದವರೆಲ್ಲ ಡಾಕರ್ ಗೇಟ್‌ವೇಯ ಐಪಿಯಲ್ಲೇ ಬಂದಂತೆ ಕಾಣಬಹುದು. ಆ ಐಪಿಯನ್ನು 'ನಮ್ಮವರು' ಅಂತ ನಂಬಿಬಿಟ್ಟಿದ್ದರೆ ಊರಿನ ಸ್ಪ್ಯಾಮೆಲ್ಲ ನಮ್ಮ ಹೆಸರಲ್ಲೇ ಹೋಗುತ್ತೆ.

"ಯಾಕ್ರೋ ಈ ತಲೆನೋವು? ಫ್ರೀಯಾಗಿ ಸಿಗುತ್ತಲ್ಲ" ಅಂತ ಕ್ಲಾಸಿನವರು ಕೇಳುತ್ತಾರೆ. ಪ್ರಶ್ನೆ ಸರಿಯಾಗೇ ಇದೆ. ಪ್ಲೇಸ್‌ಮೆಂಟ್ ಮೇಲನ್ನು ಇದರ ಮೇಲೆ ಇಟ್ಟುಕೊಳ್ಳಿ ಅಂತ ನಾವಂತೂ ಹೇಳಲ್ಲ. ಆದರೆ ಸಂಘದ ಪತ್ರ ಒಬ್ಬರ ಫೋನ್ ನಂಬರಿಗೆ ಜೋತುಬಿದ್ದರೆ ಏನಾಗುತ್ತೆ ಅಂತ ಕಣ್ಣಾರೆ ಕಂಡಿದ್ದೇವೆ. ಈಗ ಒಂದು ಫೋಲ್ಡರ್ ಕಾಪಿ ಮಾಡಿಕೊಂಡರೆ ಇಡೀ ಸಂಗ್ರಹ ನಮ್ಮ ಜೊತೆ ಬರುತ್ತೆ. ಇದೇನು ಹೊಸ ಹುಚ್ಚೂ ಅಲ್ಲ. 1986ರಲ್ಲಿ ಇಆರ್‌ನೆಟ್ ಶುರುವಾದಾಗ ನಮ್ಮ ಊರಿನ ಐಐಎಸ್‌ಸಿ ಅದರಲ್ಲಿತ್ತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ನಮ್ಮ ದೇಶದಲ್ಲಿ ಇಮೇಲ್ ಮೊದಲು ಬೆಳೆದದ್ದು ಕ್ಯಾಂಪಸ್ಸುಗಳಲ್ಲೇ.

ಇನ್ನು ಷರತ್ತಿನ ಮಾತು. ಪರೀಕ್ಷೆಯ ವಾರ ನಮ್ಮಲ್ಲಿ ಯಾರೂ ಸರ್ವರ್ ಕಡೆ ತಲೆ ಹಾಕಲಿಲ್ಲ. ಲಾಗ್ ಫೈಲುಗಳು ಡಿಸ್ಕ್ ತುಂಬಿ, ಮೂರು ದಿನ ಮೇಲ್ ಒಳಗೇ ಬರಲಿಲ್ಲ. ಪುಣ್ಯಕ್ಕೆ, ಇಂಥ ಹೊತ್ತಲ್ಲಿ ಕಳಿಸುವ ಸರ್ವರ್ ಕೈಬಿಡಲ್ಲ, ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಹಾಗಾಗಿ ಪತ್ರಗಳು ತಡವಾಗಿಯಾದರೂ ಬಂದವು. ಇನ್ನೆರಡು ದಿನ ನೋಡದೇ ಇದ್ದಿದ್ದರೆ ವಾಪಸ್ ಹೋಗಿಬಿಡುತ್ತಿದ್ದವು. ತಪ್ಪು ಪೂರ್ತಿ ನಮ್ಮದೇ.

1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಯುದ್ಧದ ಕಾಲದಲ್ಲಿ ಹೆಚ್ಚಾಗಿ ಮಾಡಿದ್ದು ಬೇರೆಯವರ ವಿಮಾನಗಳ ರಿಪೇರಿ. ತನ್ನದೇ ವಿನ್ಯಾಸದ ಎಚ್‌ಟಿ-2 ಹಾರಿದ್ದು 1951ರಲ್ಲಿ. ನಾವೋ, ಒಂದು ಸಂಜೆ ಇನ್‌ಸ್ಟಾಲ್ ಮಾಡಿ ರೆಸ್ಯುಮೆಗೆ ಒಂದು ಸಾಲು ಸೇರಿಸಿ ಮರೆತುಬಿಡುತ್ತೇವೆ. ನಡೆಸೋ ಕೆಲಸವನ್ನು ನಾವು ಕಲಿಕೆ ಅಂತ ಎಣಿಸೋದೇ ಇಲ್ಲ.

ಹಾಗಾಗಿ ಸಂಘಕ್ಕೆ ನಮ್ಮ ಒತ್ತಾಯ ಇಷ್ಟು. ಡೊಮೇನ್ ಸಂಘದ ಹೆಸರಲ್ಲಿರಲಿ, ಒಬ್ಬ ವಿದ್ಯಾರ್ಥಿಯ ಕಾರ್ಡಿನಲ್ಲಿ ಬೇಡ. ವಾರಕ್ಕೆ ಇಬ್ಬರ ಡ್ಯೂಟಿ, ಅದರಲ್ಲೊಬ್ಬರು ಜೂನಿಯರ್ ಆಗಿರಲೇಬೇಕು. ಬ್ಯಾಕಪ್ ತೆಗೆದರೆ ಸಾಲದು, ಸೆಮಿಸ್ಟರಿಗೊಮ್ಮೆ ಅದರಿಂದ ಹೊಸ ಸರ್ವರ್ ಎಬ್ಬಿಸಿ ನೋಡಬೇಕು. ಏನು ಮಾಡಿದರೂ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಬೇಕು.

ನಮ್ಮ ನಾಲ್ವರದ್ದೂ ಇದು ಕೊನೇ ವರ್ಷ. ಪಾಸ್‌ವರ್ಡ್ ಯಾರ ಕೈಗೆ ಕೊಟ್ಟು ಹೋಗೋಣ? ಮೂರನೇ ಸೆಮಿಸ್ಟರಿನವರು ಇಬ್ಬರು ಬಂದರೂ ಸಾಕು. ಡಾಕರ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೇಳಿಕೊಡ್ತೀವಿ.