ಕೈ ಎತ್ತಲಾಗದವರ ಪ್ರಮಾಣಪತ್ರ

ಮುಖ, ಭುಜ, ತೋಳುಗಳ ಸ್ನಾಯುಗಳನ್ನು ಕ್ರಮೇಣ ಸೊರಗಿಸುವ ಆನುವಂಶಿಕ ಕಾಯಿಲೆ ಎಫ್‌ಎಸ್‌ಎಚ್‌ಡಿ. ಅದಕ್ಕೆ ಮೊದಲ ಮದ್ದಾದೀತೆಂದು ನಿರೀಕ್ಷೆ ಹುಟ್ಟಿಸಿದ್ದ ಲಾಸ್ಮಾಪಿಮಾಡ್, 2024ರ ಸೆಪ್ಟೆಂಬರ್‌ನಲ್ಲಿ ಮೂರನೇ ಹಂತದ ಪ್ರಯೋಗದಲ್ಲಿ ಸೋತಿತು. ತಯಾರಿಸುತ್ತಿದ್ದ ಅಮೆರಿಕದ ಕಂಪನಿ ಆ ಪ್ರಯತ್ನವನ್ನೇ ನಿಲ್ಲಿಸಿತು. ಮದ್ದು ದೂರವಾದಷ್ಟೂ ಸರ್ಕಾರದ ಹೊಣೆ ಹೆಚ್ಚುತ್ತದೆ. ಈ ರೋಗಿಗಳ ಹೆಗಲ ಮೂಳೆ ರೆಕ್ಕೆಯಂತೆ ಹೊರಚಾಚುತ್ತದೆ, ಕೈ ತಲೆಯ ಮಟ್ಟಕ್ಕೆ ಏರುವುದಿಲ್ಲ, ಹಲವರಿಗೆ ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚದು. ಆದರೆ ಹೆಚ್ಚಿನವರು ನಡೆದಾಡಬಲ್ಲರು. ನೋಡುವವರ ಕಣ್ಣಿಗೆ ಅವರು ಆರೋಗ್ಯವಂತರೇ!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ; ಎಫ್‌ಎಸ್‌ಎಚ್‌ಡಿ ಅದರದೇ ಒಂದು ಬಗೆ. ಆದರೆ ಉದ್ಯೋಗ ಮೀಸಲಾತಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯ ದೃಢಪಡಬೇಕು. ಕಾಲಿನ ಬಲವನ್ನಷ್ಟೇ ನೋಡಿ ಪ್ರಮಾಣಪತ್ರದಲ್ಲಿ ವೈಕಲ್ಯದ ಶೇಕಡಾವಾರು ಬರೆದುಕೊಡುವುದು ಅನ್ಯಾಯ. ಭುಜ ಮತ್ತು ಮುಖದ ದೌರ್ಬಲ್ಯವನ್ನೂ ವೈದ್ಯಕೀಯ ಮಂಡಳಿಗಳು ಕಡ್ಡಾಯವಾಗಿ ಪರಿಗಣಿಸಬೇಕು, ರೋಗ ಉಲ್ಬಣಿಸಿದಂತೆ ಮರುಮೌಲ್ಯಮಾಪನ ಸಲೀಸಾಗಬೇಕು. ತಂದೆ ಅಥವಾ ತಾಯಿಗೆ ಈ ಕಾಯಿಲೆಯಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಆದ್ದರಿಂದ ವಂಶವಾಹಿ ಪರೀಕ್ಷೆ, ಆಪ್ತಸಮಾಲೋಚನೆ ಹಾಗೂ ಫಿಸಿಯೋಥೆರಪಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಬೇಕು. ಇದಕ್ಕೆ ಹೊಸ ಮದ್ದಿನ ದಾರಿ ಕಾಯಬೇಕಾಗಿಲ್ಲ.