ಸುಳ್ಳಿನ ಓನಾಮ

ಕೂಸು ಸುಳ್ಳು ಹೇಳಿತೆಂದರೆ ಅದರ ಹುಟ್ಟುಗುಣವೇ ಕೆಟ್ಟದ್ದೆಂದೂ, ಬೆತ್ತದ ಹೊರತು ಅದಕ್ಕೆ ಬೇರೆ ಮದ್ದಿಲ್ಲವೆಂದೂ ತೀರ್ಪು ಕೊಡುವ ಹಿರಿಯರು ಅಗರಖೇಡದ ಕಟ್ಟೆಗಳ ಮೇಲೆಯೂ ಉಂಟು, ವಿಜಯಪುರದ ಮಹಡಿಗಳಲ್ಲಿಯೂ ಉಂಟು. ಈ ತೀರ್ಪಿನಲ್ಲಿ ಅಪರಾಧಿಯನ್ನು ಗುರುತಿಸಿದುದೇ ತಪ್ಪಾಗಿದೆ.

ಎಳೆಯರ ಸುಳ್ಳಿನ ಸ್ವರೂಪವೇನು? ವಿಕ್ಟೋರಿಯಾ ತಲ್ವಾರ್, ಕಾಂಗ್ ಲೀ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ವಿಚಾರಾರ್ಹವಾಗಿದೆ. ಬೆನ್ನ ಹಿಂದೆ ಆಟಿಕೆಯನ್ನಿರಿಸಿ, ತಿರುಗಿ ನೋಡಬಾರದೆಂದು ಹೇಳಿ ಮಗುವೊಂದನ್ನೇ ಕೋಣೆಯಲ್ಲಿ ಬಿಟ್ಟರು. ಹೆಚ್ಚಿನ ಮಕ್ಕಳು ನೋಡಿಯೇ ಬಿಟ್ಟರು. ಕೇಳಿದಾಗ, ಹೀಗೆ ನೋಡಿದ ಮೂರು ವರ್ಷದವರಲ್ಲಿ ಅರ್ಧದಷ್ಟು ಮಂದಿ ಒಪ್ಪಿಕೊಂಡರು. ದೊಡ್ಡವರಲ್ಲಿ ಬಹುಪಾಲು ಮಂದಿ ನೋಡಿಲ್ಲವೆಂದರು. ಆದರೆ 'ಅಲ್ಲಿ ಏನಿದ್ದೀತು?' ಎಂದೊಡನೆ, ನೋಡಿಲ್ಲವೆಂದ ಚಿಕ್ಕವರು ಆಟಿಕೆಯ ಹೆಸರನ್ನೇ ಹೇಳಿ ಸಿಕ್ಕಿಬಿದ್ದರು! ಆರೇಳು ವರ್ಷದವರಲ್ಲಿಯೂ ಏನೂ ಅರಿಯದವರಂತೆ ನಟಿಸಬಲ್ಲವರು ಅರ್ಧದಷ್ಟೇ. ತನ್ನ ಮನದೊಳಗಿನದು ಎದುರಿನವರಿಗೆ ತಿಳಿಯದೆಂಬ ಅರಿವು ಮೂಡದೆ ಸುಳ್ಳಾಡಲು ಬಾರದು. ಅಂದಮೇಲೆ ಮೊದಲ ಸುಳ್ಳು ಬುದ್ಧಿ ಬೆಳೆದುದರ ಗುರುತೇ ಹೊರತು ಶೀಲ ಕೆಟ್ಟುದರ ಗುರುತಲ್ಲ.

ಇನ್ನು ಬೆತ್ತದ ಮಾತು. ಅದೇ ವಿದ್ವಾಂಸರು ಪಶ್ಚಿಮ ಆಫ್ರಿಕೆಯ ಎರಡು ಶಾಲೆಗಳ ಮಕ್ಕಳನ್ನು ಹೋಲಿಸಿ 2011ರಲ್ಲಿ ತಿಳಿಸಿದುದೇನೆಂದರೆ, ಹೊಡೆಯುವ ಶಾಲೆಯ ಮಕ್ಕಳು ಹೊಡೆಯದ ಶಾಲೆಯವರಿಗಿಂತ ಹೆಚ್ಚು ಸುಳ್ಳಾಡುತ್ತಿದ್ದರು; ಆಡಿದ ಸುಳ್ಳನ್ನು ಹೆಚ್ಚು ಜಾಣ್ಮೆಯಿಂದ ಕಾಯ್ದುಕೊಳ್ಳುತ್ತಿದ್ದರು. ಬೆತ್ತವು ಸತ್ಯವನ್ನು ಕಲಿಸಲಿಲ್ಲ, ಸಿಕ್ಕಿಬೀಳದಿರುವುದನ್ನು ಕಲಿಸಿತು. ನಮ್ಮ ದೇಶದಲ್ಲಿ ಶಾಲೆಯ ಹೊಡೆತವನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ಆದರೆ ಮನೆಯ ಬಡಿಗೆಗೆ ಆ ಕಾಯಿದೆ ತಾಕುವುದಿಲ್ಲ.

ಮನೆಯ ಪಾಠವಾದರೂ ಎಂಥದು? ಹುಸಿ ನುಡಿಯಬಾರದೆಂದ ಬಸವಣ್ಣನವರ ಬಾಗೇವಾಡಿಯು ಈ ಜಿಲ್ಲೆಯದೇ. ಅವರ ವಚನವನ್ನು ಮಗು ಬಾಯಿಪಾಠ ಮಾಡುತ್ತದೆ. ಅದೇ ಸಂಜೆ ಸಾಲಗಾರನು ಬಾಗಿಲು ಬಡಿದರೆ, 'ಅಪ್ಪ ಊರಾಗಿಲ್ಲಂತ ಹೇಳು' ಎಂದು ಒಳಗಿನಿಂದ ಅಪ್ಪನೇ ಹೇಳಿಕೊಡುತ್ತಾನೆ. ಬಸ್ಸಿನಲ್ಲಿ ಅರ್ಧ ಚೀಟಿಯ ಆಸೆಗೆ ಮಗನ ವಯಸ್ಸು ಎರಡು ವರ್ಷ ಇಳಿಯುತ್ತದೆ. ಮಗಳ ಲಗ್ನದ ಅವಸರಕ್ಕೆ ಆಕೆಯ ವಯಸ್ಸು ಎರಡು ವರ್ಷ ಏರುತ್ತದೆ. ಜೂನ್ 1ರಂದೇ ಹುಟ್ಟಿದರೆಂದು ಶಾಲೆಯ ದಾಖಲೆಯಲ್ಲಿರುವ ಹಿರಿಯರು ಕನ್ನಡ ನಾಡಿನಲ್ಲಿ ಎಷ್ಟು ಮಂದಿ! ಶಾಲೆ ಸೇರುವ ದಿನ ಗುರುಗಳು ಬರೆದ ಆ ಅನುಕೂಲದ ತಾರೀಖು ನೌಕರಿಯಿಂದ ನಿವೃತ್ತಿಯವರೆಗೂ ಅವರನ್ನು ಹಿಂಬಾಲಿಸುತ್ತದೆ. (ಇದು ನಿರುಪದ್ರವಿಯಾದ ಸುಳ್ಳೆಂಬುದು ನಿಜ, ಆದರೆ ಸುಳ್ಳು ಸರಕಾರಿ ಕಾಗದದಲ್ಲಿಯೂ ಬಾಳುವುದೆಂಬುದನ್ನು ಮಗು ಅಂದೇ ಕಲಿಯಿತು.)

ಹತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ವಿದ್ಯೆ ಪೂರ್ತಿಯಾಗುತ್ತದೆ. ಕಿಟಕಿಯಿಂದ ಚೀಟಿ ಒಗೆಯುವ ಕೈಗಳು ಮಕ್ಕಳವಲ್ಲ, ಅಣ್ಣಂದಿರವು, ಕಾಕಂದಿರವು. 2024ರಲ್ಲಿ ರಾಜ್ಯವು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇರಿಸಿ ಕಾವಲು ಕಾಯಿತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ಎಸ್ಸೆಸ್ಸೆಲ್ಸಿ ತೇರ್ಗಡೆಯು 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿ ಕೊಟ್ಟ ಮೇಲೆ. ಇಳಿತಕ್ಕೆಲ್ಲ ನಕಲೊಂದೇ ಕಾರಣವೆನ್ನುವಂತಿಲ್ಲ. ಆದರೂ ಆ ಕ್ಯಾಮೆರಾಗಳು ಕೊಠಡಿಯ ಒಳಗಿನ ಮಕ್ಕಳತ್ತ ತಿರುಗಿದ್ದವು. ಕಿಟಕಿಯ ಹೊರಗೆ ನಿಂತವರ ಪರೀಕ್ಷೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ.